ಪಿಯುಸಿಯಲ್ಲಿ ಸಂಶೋಧನೆ, ಬರವಣಿಗೆ, ಮಂಡನೆ: ಪ್ರತ್ಯೇಕ ವಿಷಯ ಬೇಕೇ?

ಪರ: ಎಣಿಸಿದವರು ಯಾರು?

ಲಕ್ಕುಂಡಿ ಎಂದರೆ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತು ಗದಗ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಕಳೆದ ಬೇಸಿಗೆಯಲ್ಲಿ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತಿದ್ದಾಗ ನನ್ನ ತಂಗಿಯ ಮಗಳು ಕೇಳಿದಳು: "ದೊಡ್ಡವ್ವಾ, ಈಗ ಎಷ್ಟ ಬಾವ್ಯಾಗ ನೀರ ಅದಾವ? ಯಾರರ ಎಣಿಸ್ಯಾರೇನು?" ನನ್ನ ಬಳಿ ಉತ್ತರ ಇರಲಿಲ್ಲ. ಪಿಯುಸಿ ಮೊದಲ ವರ್ಷದ ಆ ಹುಡುಗಿ ಸಂಶೋಧನೆಯ ಬಾಗಿಲಲ್ಲೇ ನಿಂತಿದ್ದಳು. ಬಾವಿಯಿಂದ ಬಾವಿಗೆ ನಡೆದು, ಹಗ್ಗ ಇಳಿಬಿಟ್ಟು ಆಳ ಬರೆದುಕೊಳ್ಳಬೇಕು. ಊರ ಹಿರಿಯರ ಮಾತಿನಲ್ಲಿ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬಿಡಿಸಿ ನೋಡಬೇಕು. ಅದನ್ನು ಕಲಿಸುವ ಪಿರಿಯಡ್ ಅವಳ ಟೈಮ್‌ಟೇಬಲ್‌ನಲ್ಲಿ ಇಲ್ಲ.

ಅಮೆರಿಕದ ಹೈಸ್ಕೂಲ್ ಮಕ್ಕಳಿಗಿರುವ ಎಪಿ ಕ್ಯಾಪ್‌ಸ್ಟೋನ್ ಎಂಬ ಕೋರ್ಸಿನಲ್ಲಿ ಇದಕ್ಕೆಂದೇ ಎರಡು ವರ್ಷ ಕೊಡುತ್ತಾರೆ: ಮೊದಲು ಸೆಮಿನಾರ್, ಆಮೇಲೆ ರಿಸರ್ಚ್. ರಿಸರ್ಚ್ ವರ್ಷದಲ್ಲಿ ವಿದ್ಯಾರ್ಥಿ ತನ್ನದೇ ಪ್ರಶ್ನೆ ಹಿಡಿದು 4000ದಿಂದ 5000 ಪದಗಳ ಪ್ರಬಂಧ ಬರೆದು, ಸಮಿತಿಯ ಎದುರು ನಿಂತು ಅದನ್ನು ಸಮರ್ಥಿಸಿಕೊಳ್ಳಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಆ ಭಾಗ್ಯ ಎಂ.ಎ.ಗೆ ಬಂದ ಮೇಲೆ. ಅಷ್ಟರಲ್ಲಿ ಪ್ರಶ್ನೆ ಕೇಳುವ ವಯಸ್ಸೇ ಕಳೆದಿರುತ್ತದೆ.

ವಿರೋಧ: ಒಂದೇ ತಪ್ಪು, ಮೂವತ್ತೊಂದು ಪುಸ್ತಕ

ನಾನು ಹಾವೇರಿ ಜಿಲ್ಲೆಯಲ್ಲಿ ಕನ್ನಡ ಉಪನ್ಯಾಸಕ. 2023-24ರಿಂದ ಭಾಷಾ ವಿಷಯಗಳಿಗೂ 20 ಆಂತರಿಕ ಅಂಕ ಬಂದು, ಅದರಲ್ಲಿ ಪ್ರಾಜೆಕ್ಟ್ ಸೇರಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆಮೇಲೆ ಮಕ್ಕಳ ಪ್ರಾಜೆಕ್ಟ್ ಪುಸ್ತಕಗಳು ಬಂದವು. ಮೂವತ್ತೊಂದರಲ್ಲಿ 'ಸಂಶೋದನೆ' ಎಂದೇ ಇತ್ತು. ಒಬ್ಬರದ್ದನ್ನು ಎಲ್ಲರೂ ಕಾಪಿ ಹೊಡೆದಿದ್ದರು. ಬೈಯಲು ಮನಸ್ಸು ಬರಲಿಲ್ಲ. ಬ್ಯಾಡಗಿ ಸೀಮೆಯಲ್ಲಿ ಜನವರಿ, ಫೆಬ್ರವರಿ ಎಂದರೆ ಮೆಣಸಿನಕಾಯಿ ಸುಗ್ಗಿ. ಕಾಲೇಜಿನಿಂದ ಮನೆಗೆ ಬಂದ ಹುಡುಗಿ ಅವ್ವನ ಪಕ್ಕ ಕೂತು, ಘಾಟಿಗೆ ಸೀನುತ್ತ ತೊಟ್ಟು ಬಿಡಿಸುತ್ತಾಳೆ.

ಹೊಸ ವಿಷಯ, ಹೊಸ ಪರೀಕ್ಷೆ ಎಂದರೆ ಅಂಗಡಿಗೆ ಇನ್ನೊಂದು ಗೈಡು ಬರುತ್ತದೆ, ಅಷ್ಟೇ. ನಾನು ಕೇಳುವುದು ಇರುವ ಕನ್ನಡದಲ್ಲೇ ವಾರಕ್ಕೊಂದು ಪಿರಿಯಡ್. ಅಂಕ ಬೇಡ. ಕಳೆದ ವರ್ಷ ಹಾಗೆ ಮಾಡಿ ನೋಡಿದೆ. ಅಂಥ ಒಬ್ಬ ಹುಡುಗಿಗೆ, "ಒಂದ ಚೀಲ ಬಿಡಿಸಿದ್ರ ನಿಮ್ಮವ್ವಗ ಎಷ್ಟ ಕೂಲಿ ಬರ್ತದ, ಕೇಳಿ ಬರ್ಕೊಂಡ ಬಾರವಾ" ಅಂದೆ. ಒಂದೂವರೆ ಪುಟ ಬಂತು. ಅಡ್ಡಾದಿಡ್ಡಿ ಅಕ್ಷರ, ಮೂಲೆಯಲ್ಲಿ ಕೆಂಪು ಬೆರಳಿನ ಗುರುತು. ಕಾಪಿ ಹೊಡೆದ ಸಾಲು ಒಂದೂ ಇರಲಿಲ್ಲ.