ಡ್ರೀಮ್‌ಕಾಸ್ಟ್ ಮುಳುಗಿದ್ದು ಪೈರಸಿಯಿಂದ ಅಲ್ಲ

ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಗೇಮ್ ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ. ಜನ ಕಳ್ಳ ಸಿಡಿ ಹಾಕಿಕೊಂಡು ಆಡಿದರು, ಅದಕ್ಕೇ ಅದು ನಿಂತುಹೋಯಿತು ಅಂತ. ಇದು ತಪ್ಪು, ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಪೈರಸಿ ಇತ್ತು, ನಿಜ. ಮಿಲ್-ಸಿಡಿ ಅನ್ನೋ ಹಾಡಿನ ಡಿಸ್ಕ್‌ಗಳಿಗೆ ಬಿಟ್ಟಿದ್ದ ದಾರಿಯಲ್ಲೇ ಕಾಪಿ ಮಾಡಿದ ಗೇಮ್‌ಗಳೂ ನುಸುಳಿದವು. ಆದರೆ ಅದು ಶುರುವಾಗಿದ್ದು 2000ರಲ್ಲಿ, ಅಷ್ಟರಲ್ಲಿ ಸೆಗಾ ಆಗಲೇ ನಷ್ಟದಲ್ಲಿತ್ತು. ಸೋನಿಯ ಮೊದಲ ಪ್ಲೇಸ್ಟೇಷನ್‌ಗೂ ಕಳ್ಳ ಡಿಸ್ಕ್ ಕಾಟ ಜಾಸ್ತಿನೇ ಇತ್ತು, ಆದರೂ 10 ಕೋಟಿ ದಾಟಿ ಮಾರಾಟವಾಯಿತು ಅಲ್ವಾ?

ಪೆಟ್ಟು ಬಿದ್ದಿದ್ದು ನಂಬಿಕೆಗೆ. 1995ರ ಮೇನಲ್ಲಿ ಸೆಗಾ ತನ್ನ ಹಿಂದಿನ ಕನ್ಸೋಲ್ ಸ್ಯಾಟರ್ನ್ ಅನ್ನು ಅಮೆರಿಕದಲ್ಲಿ, ಸೆಪ್ಟೆಂಬರ್‌ಗೆ ಅಂತ ಹೇಳಿದ್ದನ್ನು, ಇದ್ದಕ್ಕಿದ್ದಂತೆ ಕೆಲವೇ ಅಂಗಡಿಗಳಿಗೆ ಕೊಟ್ಟು 399 ಡಾಲರ್‌ಗೆ ಮಾರೋಕೆ ಶುರು ಮಾಡಿತು. ಬಿಟ್ಟುಹೋದ ಅಂಗಡಿಯವರು ಸಿಟ್ಟಾದರು. ಬೇರೆ ಕಂಪನಿಗಳ ಗೇಮ್‌ಗಳು ಇನ್ನೂ ರೆಡಿಯೇ ಇರಲಿಲ್ಲ. ಸೆಗಾ ಇದನ್ನು ಹೇಳಿದ ಗೇಮ್ ಮೇಳದಲ್ಲೇ ಸೋನಿ ತನ್ನ ಪ್ಲೇಸ್ಟೇಷನ್‌ಗೆ 299 ಡಾಲರ್ ಅಂತ ಬೆಲೆ ಹೇಳಿಬಿಟ್ಟಿತು.

ಅಲ್ಲಿ ಕಳೆದುಕೊಂಡಿದ್ದು ಡ್ರೀಮ್‌ಕಾಸ್ಟ್ ಹೊತ್ತಿಗೂ ವಾಪಸ್ ಬರಲಿಲ್ಲ. ಎಲೆಕ್ಟ್ರಾನಿಕ್ ಆರ್ಟ್ಸ್ ಅನ್ನೋ ದೊಡ್ಡ ಗೇಮ್ ಕಂಪನಿ ಅದಕ್ಕೆ ಒಂದೂ ಗೇಮ್ ಮಾಡಲಿಲ್ಲ, ಅಂದರೆ ಅಮೆರಿಕದವರು ಮುಗಿಬಿದ್ದು ಕೊಳ್ಳುವ ಮ್ಯಾಡೆನ್ ಫುಟ್‌ಬಾಲ್ ಇಲ್ಲ, ಫಿಫಾನೂ ಇಲ್ಲ. ನನ್ನ ಪ್ರಕಾರ ದೊಡ್ಡ ಹೊಡೆತ ಇದೇ. ಮೇಲಿಂದ ಪ್ಲೇಸ್ಟೇಷನ್ 2 ಬರುತ್ತೆ, ಅದರಲ್ಲಿ ಡಿವಿಡಿ ಸಿನಿಮಾನೂ ನೋಡಬಹುದು ಅಂತ ಎಷ್ಟೋ ಜನ ಕೊಳ್ಳದೆ ಕಾದರು. 2001ರ ಜನವರಿಯಲ್ಲಿ ಸೆಗಾ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಆ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿದ್ದರೆ ಅದರ ಕೆಳಗೆ ಇದನ್ನು ಹಾಕಿ.