ವಿದೇಶದಲ್ಲಿ ಶೂ ಕೊಳ್ಳುವ ಮೊದಲು ಮಗುಚಿ ಅಡಿ ನೋಡಿ

ಮೊನ್ನೆ ದುಬೈಗೆ ಹೊರಟ ಗೆಳೆಯರೊಬ್ಬರು ಫೋನ್ ಮಾಡಿದ್ದರು. "ಒಂದು ಒಳ್ಳೆ ಲೆದರ್ ಶೂ ತರಬೇಕು ಮಾರಾಯ್ರೆ, ಯಾವ ಬ್ರ್ಯಾಂಡ್ ತಗೊಳ್ಳಲಿ?" ಎಂದು ಕೇಳಿದರು. ಅರ್ಧ ಗಂಟೆ ಮಾತಾಡಿದರೂ ನನ್ನ ಮಾತು ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬ್ರ್ಯಾಂಡ್ ಆಮೇಲೆ. ಮೊದಲು ಶೂ ಮಗುಚಿ ಅಡಿ ನೋಡಿ. ಸೋಲ್ ಅಂಟಿಸಿದ್ದಾ, ಹೊಲಿದದ್ದಾ? ನಮ್ಮ ಕರಾವಳಿಯವರು ಕೇಳಬೇಕಾದ ಮೊದಲ ಪ್ರಶ್ನೆ ಇದು.

ನನಗೆ ಇದು ಗೊತ್ತಾದದ್ದು ಅಕ್ಕನ ಮಗನ ಮದುವೆಯ ದಿನ. ವಿದೇಶದ ಒಂದು ಮಾಲ್‌ನಲ್ಲಿ ತುಂಬಾ ದುಡ್ಡು ಕೊಟ್ಟು ತಂದ ಶೂ ಇತ್ತು. ಮದುವೆ ಮುಂಜಿಗೆ ಬೇಕಾಗುತ್ತದೆ ಅಂತ ಬಾಕ್ಸಿನಲ್ಲೇ ಜೋಪಾನವಾಗಿ ಇಟ್ಟಿದ್ದೆ. ಎರಡು ಮಳೆಗಾಲ ಕಳೆದಿತ್ತು. ಹಾಲ್‌ನ ಮೆಟ್ಟಿಲು ಹತ್ತುವಾಗ ಬಲಗಾಲಿನ ಸೋಲ್ ಕಿತ್ತು ಬಂತು. ತಿರುಗಿ ನೋಡಿದರೆ ಬಂದ ದಾರಿಯುದ್ದಕ್ಕೂ ಕಪ್ಪು ಪುಡಿ. ಮೇಲಿನ ಚರ್ಮ ಮಾತ್ರ ಹೊಸದರ ಹಾಗೇ ಇತ್ತು. ಅದನ್ನು ನೋಡಿ ಹೊಟ್ಟೆ ಉರಿಯಿತು.

ಮಾರನೇ ದಿನ ಮಂಗಳೂರಿನ ಹಂಪನಕಟ್ಟೆಯಲ್ಲಿ ನಾನು ಯಾವಾಗಲೂ ಹೋಗುವ ರಿಪೇರಿಯವರ ಹತ್ತಿರ ಕೊಂಡುಹೋದೆ. ಅವರು ಹೆಬ್ಬೆರಳಿನಿಂದ ಒತ್ತಿ ನೋಡಿ, "ಸೂಜಿ ಹಾಕ್ಲಿಕ್ಕೆ ಇದರಲ್ಲಿ ಏನೂ ಇಲ್ಲ ಸರ್" ಎಂದರು.

ಆ ಸೋಲ್ ಪಾಲಿಯುರೆಥೇನ್ ಎಂಬ ಒಂದು ಬಗೆಯ ಪ್ಲಾಸ್ಟಿಕ್‌ನದ್ದು. ಹಗುರ, ಮೆತ್ತಗೆ, ಹಾಕಿದರೆ ಹಿತ. ಆದರೆ ಗಾಳಿಯ ತೇವ ಹೀರಿ ಹೀರಿ ಅದು ಒಳಗೊಳಗೇ ಒಡೆಯುತ್ತದೆ. ಹಾಕದೆ ಸುಮ್ನೆ ಇಟ್ಟರೂ ಬಿಡುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಮಂಗಳೂರಿನಲ್ಲಿ, ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ಊರಿನಲ್ಲಿ, ಅದರ ಗತಿ ಏನಾಗಬೇಕು ಹೇಳಿ.

ಆಮೇಲೆ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದಾಗ ಹಟ ಹಿಡಿದು ನಾರ್ಥಾಂಪ್ಟನ್‌ಗೆ ಹೋದೆ. ಲಂಡನ್ನಿನ ಯೂಸ್ಟನ್ ಸ್ಟೇಷನ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಹಿಂದೆ ಅಲ್ಲಿ ಚರ್ಮಕ್ಕೆ ದನಗಳಿದ್ದವು, ಹದ ಮಾಡಲು ಓಕ್ ಮರದ ತೊಗಟೆ ಇತ್ತು, ನದಿಯ ನೀರಿತ್ತು. ಹಾಗಾಗಿ ಊರಿಗೆ ಊರೇ ಶೂ ಹೊಲಿಯುವ ಊರಾಯಿತು. ಅಲ್ಲಿನ ಶೂ ಕಂಪನಿಗಳಲ್ಲಿ ಟ್ರಿಕರ್ಸ್ ಶುರುವಾದದ್ದು 1829ರಲ್ಲಿ, ಚರ್ಚಸ್ 1873ರಲ್ಲಿ, ಕ್ರಾಕೆಟ್ ಆ್ಯಂಡ್ ಜೋನ್ಸ್ 1879ರಲ್ಲಿ. ಊರಿನ ಫುಟ್‌ಬಾಲ್ ತಂಡವನ್ನು ಜನ ಕರೆಯುವುದೇ ಕಾಬ್ಲರ್ಸ್ ಎಂದು. ಶೂ ಹೊಲಿಯುವವರ ಹೆಸರನ್ನು ಇಡೀ ಊರು ಹೆಮ್ಮೆಯಿಂದ ಕೂಗುತ್ತದೆ. ಅದನ್ನು ಕೇಳಿ ನನ್ನ ಮನಸ್ಸು ತುಂಬಿ ಬಂತು. ನಮ್ಮಲ್ಲಿ ಅದೇ ಕೆಲಸ ಮಾಡುವವರಿಗೆ ಕೂರಲು ಫುಟ್‌ಪಾತ್ ಬಿಟ್ಟರೆ ಬೇರೆ ಜಾಗವಿಲ್ಲ.

ಅಲ್ಲಿನ ಶೂಗಳ ಗುಟ್ಟು ವೆಲ್ಟ್ ಎಂಬ ಒಂದು ಚರ್ಮದ ಪಟ್ಟಿಯಲ್ಲಿದೆ. ಮೇಲಿನ ಚರ್ಮವನ್ನೂ ಒಳ ಅಟ್ಟೆಯನ್ನೂ ಸೇರಿಸಿ ಮೊದಲು ಈ ಪಟ್ಟಿಗೆ ಹೊಲಿಯುತ್ತಾರೆ. ಆಮೇಲೆ ಪಟ್ಟಿಗೆ ಹೊರಗಿನ ಸೋಲನ್ನು ಬೇರೆಯೇ ದಾರದಲ್ಲಿ ಹೊಲಿಯುತ್ತಾರೆ. ನಡುವಿನ ಸಂದಿಗೆ ಕಾರ್ಕ್ ತುಂಬುತ್ತಾರೆ. ಹಾಕುತ್ತಾ ಹೋದ ಹಾಗೆ ಆ ಕಾರ್ಕ್ ನಿಮ್ಮ ಪಾದದ ಅಚ್ಚಿಗೆ ಬಗ್ಗುತ್ತದೆ. ಸೋಲ್ ಸವೆದರೆ ಹೊರಗಿನ ಹೊಲಿಗೆ ಬಿಚ್ಚಿ ಹೊಸದು ಹಾಕಿದರಾಯಿತು, ಮೇಲ್ಭಾಗವನ್ನು ಮುಟ್ಟಬೇಕಾಗಿಲ್ಲ. ಇದಕ್ಕೆ ಗುಡ್‌ಇಯರ್ ವೆಲ್ಟ್ ಎನ್ನುತ್ತಾರೆ. ಇಟಲಿಯ ಕಡೆ ಬ್ಲೇಕ್ ಹೊಲಿಗೆ ಜಾಸ್ತಿ. ಅದರಲ್ಲಿ ಸೋಲನ್ನು ನೇರ ಒಳ ಅಟ್ಟೆಗೇ ಹೊಲಿಯುತ್ತಾರೆ. ನೋಡಲು ತೆಳ್ಳಗೆ ಚೆಂದ. ಆದರೆ ನೀರು ಬೇಗ ಒಳಗೆ ಬರುತ್ತದೆ. ನಮ್ಮ ಊರಿಗೆ ಬೇಡ.

ಕಾರ್ಖಾನೆಗೆ ಸೇರಿದ ಅಂಗಡಿಗಳಲ್ಲಿ ಸಣ್ಣ ಗೀರು ಇರುವ, ಬಣ್ಣದಲ್ಲಿ ಚೂರು ವ್ಯತ್ಯಾಸ ಇರುವ ಜೋಡಿಗಳನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ನಾನು ತಗೊಂಡದ್ದು ಅಂಥದ್ದೇ. ದೋಷ ಎಲ್ಲಿದೆ ಎಂದು ಈಗಲೂ ನನಗೆ ಕಾಣುವುದಿಲ್ಲ.

ಅಂಗಡಿಯಲ್ಲಿದ್ದ ಹಿರಿಯ ಹೆಂಗಸು ಮೊದಲು ತೋರಿಸಿದ್ದು ಲೇಸ್ ಕಟ್ಟುವ ಆಕ್ಸ್‌ಫರ್ಡ್. ಚೆಂದವೇ ಇತ್ತು. ಆದರೆ ನಮ್ಮ ದಿನ ನೆನಪಾಯಿತು. ಬೆಳಿಗ್ಗೆ ದೇವಸ್ಥಾನ, ಮಧ್ಯಾಹ್ನ ಒಬ್ಬರ ಮನೆ, ಸಂಜೆ ಡಾಕ್ಟರ ಕ್ಲಿನಿಕ್. ಎಲ್ಲಾ ಕಡೆ ಹೊಸ್ತಿಲಲ್ಲೇ ಕಳಚಬೇಕು. ಉಡುಪಿಯ ರಥಬೀದಿಯಲ್ಲಿ ಬಗ್ಗಿ ಲೇಸ್ ಬಿಚ್ಚುತ್ತಾ ಕೂರಲು ಆಗುತ್ತದಾ? ಲೇಸ್ ಇಲ್ಲದ, ಕಾಲು ತೂರಿಸಿ ಹಾಕುವ ಲೋಫರ್ ಕೊಡಿ ಎಂದೆ. ಸೋಲ್ ಚರ್ಮದ್ದು ಬೇಡ, ರಬ್ಬರ್ ಇರಲಿ ಎಂದೆ. ಚರ್ಮದ ಸೋಲ್ ನೀರು ಕುಡಿಯುತ್ತದೆ, ಒದ್ದೆ ಟೈಲ್ಸ್ ಮೇಲೆ ಜಾರುತ್ತದೆ. ಅವರು ಡೈನೈಟ್ ಸೋಲ್ ಇದ್ದದ್ದನ್ನು ತಂದರು. ಅಲ್ಲೇ ಹತ್ತಿರದ ಮಾರ್ಕೆಟ್ ಹಾರ್ಬರೋದಲ್ಲಿ ತಯಾರಾಗುವ, ಅಡಿಯಲ್ಲಿ ಸಣ್ಣ ಗುಂಡು ಉಬ್ಬುಗಳಿರುವ ರಬ್ಬರ್ ಅದು.

ಅಳತೆಯ ವಿಷಯದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ನಮ್ಮ 8 ಇಂಗ್ಲೆಂಡಿನಲ್ಲೂ 8, ಯುರೋಪಿನಲ್ಲಿ ಹೆಚ್ಚುಕಡಿಮೆ 42, ಅಮೆರಿಕದಲ್ಲಿ 9. ಆದರೆ ಉದ್ದ ಸರಿ ಇದ್ದರೆ ಸಾಲದು. ನಮ್ಮದು ಬರಿಗಾಲಿನಲ್ಲಿ, ಚಪ್ಪಲಿಯಲ್ಲಿ ಬೆಳೆದ ಕಾಲು, ಬೆರಳಿನ ಹತ್ತಿರ ಅಗಲ. ಅದಕ್ಕೆ ನಾಚಬೇಕಾಗಿಲ್ಲ. ನಮ್ಮ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಇಬ್ಬರು ವೈದ್ಯರು 2,300 ಮಕ್ಕಳ ಪಾದದ ಅಚ್ಚು ಪರೀಕ್ಷಿಸಿ 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ 8.6 ಮಂದಿಗೆ ಚಪ್ಪಟೆ ಪಾದ ಇತ್ತು, ಹಾಕದವರಲ್ಲಿ ಶೇ 2.8 ಮಂದಿಗೆ ಮಾತ್ರ. ಅಂಥ ಕಾಲನ್ನು ಚೂಪು ಮೂತಿಯ ಶೂವಿನಲ್ಲಿ ಯಾಕೆ ಹಿಂಡಬೇಕು? ಇಂಗ್ಲೆಂಡಿನಲ್ಲಿ ಅಗಲಕ್ಕೂ ಇ, ಎಫ್, ಜಿ ಎಂದು ಗುರುತು ಉಂಟು. ಅಕ್ಷರ ಮುಂದೆ ಹೋದ ಹಾಗೆ ಅಗಲ ಜಾಸ್ತಿ. ಕೇಳಿ ತಗೊಳ್ಳಿ. ವಿಮಾನ ಇಳಿದ ಮಾರನೇ ದಿನವೇ ಕೊಳ್ಳಬೇಡಿ, ಕಾಲು ಊದಿರುತ್ತದೆ. ನಾಲ್ಕು ದಿನ ಬಿಟ್ಟು, ಸಂಜೆ ಹೊತ್ತಿಗೆ ಹೋಗಿ. "ಹಾಕ್ತಾ ಹಾಕ್ತಾ ಸರಿಯಾಗ್ತದೆ" ಎಂಬ ಮಾತು ಕೇಳಿ ತಂದ ಶೂ ಕಚ್ಚುತ್ತಲೇ ಇರುತ್ತದೆ.

ಪ್ರವಾಸಿಗರು ಕೊಂಡ ಸಾಮಾನಿನ ತೆರಿಗೆ ವಾಪಸ್ ಸಿಗುತ್ತದೆ ಅಂತ ಲೆಕ್ಕ ಹಾಕಿ ಇಂಗ್ಲೆಂಡಿಗೆ ಹೋಗಬೇಡಿ. 2021ರ ಜನವರಿಯಿಂದ ಅಲ್ಲಿ ಅದನ್ನು ನಿಲ್ಲಿಸಿದ್ದಾರೆ. ಇಟಲಿ, ಸ್ಪೇನ್ ಕಡೆ ಈಗಲೂ ಉಂಟು. ಬಿಲ್ಲಿನ ಜೊತೆ ಅಂಗಡಿಯಲ್ಲೇ ಫಾರ್ಮ್ ಮಾಡಿಸಿಕೊಳ್ಳಿ.

ಇನ್ನೊಂದು ಮಾತು ನನ್ನನ್ನು ಕೊರೆಯುತ್ತಲೇ ಇದೆ. ಲಂಡನ್ನಿನ ಒಂದು ಅಂಗಡಿಯಲ್ಲಿ ಮಗಳು ಒಂದು ಶೂ ಎತ್ತಿ, "ಪಪ್ಪಾ, ಇದರ ಒಳಗೆ ನೋಡಿ" ಎಂದಳು. ಮೇಡ್ ಇನ್ ಇಂಡಿಯಾ. ತಮಿಳುನಾಡಿನ ಆಂಬೂರು, ರಾಣಿಪೇಟೆಯಿಂದ ವರ್ಷವರ್ಷವೂ ಯುರೋಪಿಗೆ ಶೂ ಹೋಗುತ್ತದೆ. ಮಂಗಳೂರಿನಿಂದ ಆಂಬೂರಿಗೆ ಒಂದು ರಾತ್ರಿಯ ದಾರಿ. ಆ ಕೈಗಳು ಹೊಲಿದ ಒಳ್ಳೆಯ ಜೋಡಿ ನಮ್ಮ ಪೇಟೆಯ ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ? ನಾವು ಕೇಳದೆ ಇರುವುದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ. ಅಂಗಡಿಗೆ ಹೋದರೆ ನಾವು ಕೇಳುವುದು ಡಿಸ್ಕೌಂಟ್ ಎಷ್ಟು ಅಂತ, ಹೊಲಿಗೆ ಯಾವುದು ಅಂತ ಅಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಲೋಫರ್‌ಗೆ ರಜೆ. ಆಗ ರಬ್ಬರ್ ಚಪ್ಪಲಿಯೇ ಸರಿ. ಬಾಕ್ಸಿನೊಳಗೆ ಇಡುವುದಿಲ್ಲ. ಒಳಗೆ ಪೇಪರ್ ತುರುಕಿ, ಗಾಳಿಯಾಡುವ ಕಡೆ ಇಟ್ಟು, ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸುತ್ತೇನೆ. ಒದ್ದೆಯಾದರೆ ಬಿಸಿಲಿಗೆ ಇಡಬಾರದು, ಚರ್ಮ ಬಿರಿಯುತ್ತದೆ.

ಈಗ ಅದರ ಸೋಲ್ ಹಿಮ್ಮಡಿಯ ಹತ್ತಿರ ಸವೆದಿದೆ. ಕಳೆದ ವಾರ ಹಂಪನಕಟ್ಟೆಯ ಅದೇ ರಿಪೇರಿಯವರಿಗೆ ತೋರಿಸಿದೆ. ಅವರು ಮಗುಚಿ, ಪಟ್ಟಿಯ ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದರು. "ಇದಾದ್ರೆ ಹೊಲೀಬಹುದು ಸರ್. ದಾರ ಒಳ್ಳೇದು ತರ್ಬೇಕು, ಶನಿವಾರ ಬನ್ನಿ" ಎಂದರು. ಶೂ ಅವರ ಹತ್ತಿರ ಬಿಟ್ಟು, ಚಪ್ಪಲಿ ಹಾಕಿಕೊಂಡು ಬಸ್ಸು ಹತ್ತಿದೆ.