ಬಿಸಿಲಲ್ಲಿ ಸುರಿದ ಹಿಮ

ಡಿಸೆಂಬರ್ ಮೂರನೇ ವಾರ, ಮಂಗಳೂರಲ್ಲಿ ಅದೇ ಸೆಕೆ. ಫ್ಯಾನ್ ಐದರಲ್ಲಿ ತಿರುಗುತ್ತಿದೆ. ನಾನು ಬನಿಯನ್‌ನಲ್ಲಿ ಕೂತು, ಜೇಮ್ಸ್ ಸ್ಟೀವರ್ಟ್ ಹಿಮದ ರಾತ್ರಿಯಲ್ಲಿ ಸೇತುವೆ ಮೇಲೆ ನಿಂತು ಹೊಳೆಗೆ ಹಾರಲು ಹೊರಟಿದ್ದನ್ನು ನೋಡುತ್ತಿದ್ದೆ. ‘ಇಟ್ಸ್ ಎ ವಂಡರ್‌ಫುಲ್ ಲೈಫ್’, ಎಷ್ಟನೇ ಸಲವೋ ಲೆಕ್ಕ ಇಟ್ಟಿಲ್ಲ. ಹಾದುಹೋಗುತ್ತಿದ್ದ ಅತ್ತಿಗೆ, "ಹಿಮದ ಪಿಚ್ಚರ್ ನೋಡಿದ್ರೆ ಸೆಕೆ ಕಡಿಮೆ ಆಗ್ತದಾ?" ಅಂತ ಕೇಳಿದರು.

ಆ ಹಿಮವೂ ಸೆಕೆಯಲ್ಲೇ ಬಿದ್ದದ್ದು ಅತ್ತಿಗೆ! ಚಿತ್ರೀಕರಣ ನಡೆದದ್ದು 1946ರ ಬೇಸಿಗೆಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿಯವರೆಗೆ ಹಾಲಿವುಡ್‌ನಲ್ಲಿ ಹಿಮ ಎಂದರೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್. ತುಳಿದರೆ ಹಪ್ಪಳ ಮುರಿದಂತೆ ಸದ್ದು. ಹಾಗಾಗಿ ಹಿಮದ ದೃಶ್ಯಗಳಲ್ಲಿ ಮಾತನ್ನೆಲ್ಲ ಆಮೇಲೆ ಕೂತು ಡಬ್ ಮಾಡಬೇಕಿತ್ತು. ನಿರ್ದೇಶಕ ಫ್ರಾಂಕ್ ಕಾಪ್ರಾ ಅದಕ್ಕೆ ಒಪ್ಪಲಿಲ್ಲ. ಬೆಂಕಿ ಆರಿಸುವ ನೊರೆಗೆ ಸೋಪು, ನೀರು ಕಲಸಿ ಸದ್ದಿಲ್ಲದ ಹಿಮ ತಯಾರಿಸಿದರು. ಆ ನೊರೆಗೆ ಆಸ್ಕರ್ ಕೊಡುವ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಪಿಚ್ಚರ್ ಮಾತ್ರ ಹಾಕಿದ ದುಡ್ಡು ಎತ್ತಲಿಲ್ಲ. 1974ರಲ್ಲಿ ಅದರ ಹಕ್ಕನ್ನು ಯಾರೂ ನವೀಕರಿಸದೆ ಬಿಟ್ಟರು. ಪುಕ್ಕಟೆ ಸಿಕ್ಕಿತಲ್ಲ ಅಂತ ಅಮೆರಿಕದ ಟಿವಿಯವರು ಪ್ರತಿ ಡಿಸೆಂಬರ್‌ನಲ್ಲೂ ಹಾಕಿದ್ದೇ ಹಾಕಿದ್ದು. ಹಾಗೆ ಅದು ಮನೆಮನೆಯ ಕ್ರಿಸ್ಮಸ್ ಪಿಚ್ಚರ್ ಆಯಿತು.

ಈ ಹುಚ್ಚು ಹಿಡಿದ ಮೇಲೆ ಒಂದೊಂದೇ ಹಾಡಿನ ಬೆನ್ನು ಹತ್ತಿದೆ. ‘ಲೆಟ್ ಇಟ್ ಸ್ನೋ’ ಬರೆದದ್ದು 1945ರ ಜುಲೈನಲ್ಲಿ, ಹಾಲಿವುಡ್‌ನ ಸುಡುಬಿಸಿಲಲ್ಲಿ. ನ್ಯಾಟ್ ಕಿಂಗ್ ಕೋಲ್ ದನಿಯಲ್ಲಿ ನಾವು ಕೇಳುವ ‘ದಿ ಕ್ರಿಸ್ಮಸ್ ಸಾಂಗ್’ ಕೂಡ ಅದೇ ಬೇಸಿಗೆಯದು. ಅದನ್ನು ಬರೆದವರು ಮನಸ್ಸಿಗಾದರೂ ತಂಪಾಗಲಿ ಎಂದು ಚಳಿಗಾಲದ ಸಾಲು ಗೀಚುತ್ತ ಕೂತಿದ್ದರಂತೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ‘ವೈಟ್ ಕ್ರಿಸ್ಮಸ್’. ಬರೆದ ಇರ್ವಿಂಗ್ ಬರ್ಲಿನ್ ಯಹೂದಿ, ಕ್ರಿಸ್ಮಸ್ ಅವರ ಹಬ್ಬವೇ ಅಲ್ಲ. 1928ರ ಕ್ರಿಸ್ಮಸ್ ದಿನವೇ ಮೂರು ವಾರದ ಮಗನನ್ನು ಕಳೆದುಕೊಂಡವರು. ಅವರು ಬರೆದ ಹಾಡಿನ ಶುರುವಿನಲ್ಲಿ ಇನ್ನೊಂದು ನುಡಿ ಇತ್ತು: ಬೆವರ್ಲಿ ಹಿಲ್ಸ್‌ನಲ್ಲಿ ಬಿಸಿಲು, ಹಸಿರು ಹುಲ್ಲು, ತೂಗುವ ತಾಳೆಮರ, ತಾರೀಖು ಮಾತ್ರ ಡಿಸೆಂಬರ್ 24, ನನಗೋ ಉತ್ತರದ ಊರಿಗೆ ಹೋಗುವ ಆಸೆ. 1942ರಲ್ಲಿ ಬಿಂಗ್ ಕ್ರಾಸ್ಬಿ ಹಾಡಿದ ರೆಕಾರ್ಡಿನಲ್ಲಿ ಆ ನುಡಿ ಇಲ್ಲ. ತಾಳೆಮರ ಹೋಯಿತು, ಹಿಮ ಉಳಿಯಿತು. ನನ್ನನ್ನು ಕೇಳಿದರೆ ಹಾಡಿನ ಜೀವ ಇರುವುದು ಆ ಬಿಟ್ಟ ನುಡಿಯಲ್ಲೇ. ತಾಳೆಮರದ ಬದಲು ತೆಂಗಿನಮರ ಇಟ್ಟರೆ ನಮ್ಮ ಊರೇ ಆಯಿತು. ಯುದ್ಧಕ್ಕೆ ಹೋದ ಹುಡುಗರು ರೇಡಿಯೊದವರಿಗೆ ಇದನ್ನೇ ಹಾಕಿ ಎಂದು ಬರೆಯುತ್ತಿದ್ದರು. 1975ರ ಏಪ್ರಿಲ್‌ನಲ್ಲಿ ವಿಯೆಟ್ನಾಮಿನ ಸೈಗಾನ್ ಬಿಟ್ಟು ಓಡುವಾಗ ಅಮೆರಿಕನ್ನರು ತಮ್ಮವರಿಗೆ ಗುಟ್ಟಿನ ಸೂಚನೆಯಾಗಿ ಆರಿಸಿಕೊಂಡದ್ದೂ ಇದನ್ನೇ. ಉಷ್ಣಾಂಶ 105 ಡಿಗ್ರಿ (ಫ್ಯಾರನ್‌ಹೀಟ್), ಇನ್ನೂ ಏರುತ್ತಿದೆ ಅಂತ ಒಂದು ಪ್ರಕಟಣೆ, ಅದರ ಹಿಂದೆಯೇ ಈ ಹಿಮದ ಹಾಡು.

ಆದ್ದರಿಂದಲೇ ಮಾಲ್‌ಗಳಲ್ಲಿ ಇವನ್ನೆಲ್ಲ ಡಿಜೆ ಬೀಟ್ ಹಾಕಿ ಕುಣಿಸುವುದು ಕೇಳಿದರೆ ನನಗೆ ಉರಿಯುತ್ತದೆ. ಇದು ಇವತ್ತಿನ ಚಾಳಿಯೂ ಅಲ್ಲ. ‘ಹ್ಯಾವ್ ಯುವರ್‌ಸೆಲ್ಫ್ ಎ ಮೆರ್ರಿ ಲಿಟಲ್ ಕ್ರಿಸ್ಮಸ್’ 1944ರ ಪಿಚ್ಚರಿನದು. ಊರು ಬಿಟ್ಟು ಹೋಗಬೇಕಾದ ದುಃಖದಲ್ಲಿರುವ ತಂಗಿಗೆ ಅಕ್ಕ ಹಾಡುವ ಹಾಡು. ಮೊದಲ ಕರಡು ತೀರಾ ಕತ್ತಲೆಯಾಗಿತ್ತು, ಪುಟ್ಟ ಮಗುವಿಗೆ ಇದನ್ನು ಹೇಗೆ ಹಾಡಲಿ ಎಂದು ಅಕ್ಕನ ಪಾತ್ರದ ಜೂಡಿ ಗಾರ್ಲೆಂಡ್ ಬದಲಾಯಿಸಲು ಹೇಳಿದರು. ಸರಿ, ಅದು ನ್ಯಾಯ. ಹಾಗಿದ್ದೂ ಒಂದು ಸಾಲು ಉಳಿದಿತ್ತು: ಅಲ್ಲಿಯವರೆಗೆ ಹೇಗೋ ದಿನ ದೂಡೋಣ ಅನ್ನುವ ಅರ್ಥದ್ದು. 1957ರಲ್ಲಿ ಫ್ರಾಂಕ್ ಸಿನಾತ್ರಾಗೆ ಅದೂ ಬೇಡವಾಯಿತು, ಖುಷಿಯಾಗಿರಲಿ ಎಂದರು. ಆ ಜಾಗಕ್ಕೆ ಮರದ ತುದಿಗೆ ಹೊಳೆಯುವ ನಕ್ಷತ್ರ ಬಂತು. ಸಿನಾತ್ರಾ ದನಿಯ ಮೇಲೆ ನನಗೆ ಪ್ರಾಣ. ಆದರೂ ಈ ವಿಷಯದಲ್ಲಿ ಕ್ಷಮಿಸಲಾರೆ. ದಿನ ದೂಡುವವರಿಗೂ ಹಬ್ಬ ಬೇಡವೇ?

ನಮ್ಮ ಪಕ್ಕದ ಮನೆಯ ಬಾಯಮ್ಮನಿಗೆ ಇದ್ಯಾವುದೂ ಬೇಕಿಲ್ಲ. ಅವರಿಗೆ ಕ್ರಿಸ್ಮಸ್ ಅಂದರೆ ಜಿಮ್ ರೀವ್ಸ್, ಆಮೇಲೆ ಬೋನಿ ಎಮ್. ಚಿಕ್ಕವನಿದ್ದಾಗ ನನ್ನ ಕಿವಿಗೆ ಇಂಗ್ಲಿಷ್ ಹಾಡು ಬಿದ್ದದ್ದೇ ಅವರ ಮನೆಯ ಟೇಪ್‌ರೆಕಾರ್ಡರಿಂದ. ಬೋನಿ ಎಮ್ ಜರ್ಮನಿಯ ತಂಡ, ಆದರೆ ವೇದಿಕೆಯ ನಾಲ್ವರೂ ಜಮೈಕಾ, ಮೊಂಟ್ಸೆರಾಟ್, ಅರೂಬಾ ಅಂತ ಕೆರಿಬಿಯನ್ ಕಡೆಯವರು, ಅಂದರೆ ಅವರೂ ಸೆಕೆಯವರೇ.

ಇವತ್ತು ಬೆಳಿಗ್ಗೆ ಬಾಯಮ್ಮನ ಮನೆಗೆ ಹೋಗಿದ್ದೆ, ಕಳೆದ ವಾರ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿ, ಬಂದಿದ್ದ ತಟ್ಟೆ ವಾಪಸ್ ಕೊಡಲಿಕ್ಕೆ. ತಟ್ಟೆ ಖಾಲಿ ಕೊಡಬಾರದು ಅಂತ ಅತ್ತಿಗೆ ಚಕ್ಕುಲಿ ಹಾಕಿದ್ದರು. (ನೆವ್ರಿ ಮೊದಲ ದಿನವೇ ಮುಗಿದಿತ್ತು, ಕಿಡಿಯೊ ಮಾತ್ರ ನಾನು ಡಬ್ಬದಲ್ಲಿ ಅಡಗಿಸಿಟ್ಟಿದ್ದೇನೆ.) ಬಾಯಮ್ಮ ನೆಲದ ಮೇಲೆ ಕೂತು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ, ಕಟ್ಟುತ್ತಿದ್ದರು. ಡಬ್ಬಿಯಲ್ಲಿ ಭತ್ತ ಬಿತ್ತಿ ಬೆಳೆಸಿದ ಹಸಿರು ಪೈರು ಒಂದು ಕಡೆ, ಮಾಡಿನ ಮೇಲೆ ಮೆಡಿಕಲ್ ಅಂಗಡಿಯ ಹತ್ತಿ. ಬೆವರು ಒರೆಸಿಕೊಳ್ಳುತ್ತ ಹಿಮ ಅಂಟಿಸುತ್ತಿದ್ದರು.

ಅಷ್ಟರಲ್ಲಿ ಕೆನಡಾದಿಂದ ಮಗನ ವಿಡಿಯೊ ಕಾಲ್ ಬಂತು. ಅವನ ಬೆನ್ನ ಹಿಂದೆ ಕಿಟಕಿ, ಕಿಟಕಿಯಾಚೆ ದೀಪದ ಬೆಳಕಿನಲ್ಲಿ ಮೊಳಕಾಲೆತ್ತರ ಹಿಮ. ನಾನು ಕತ್ತು ಉದ್ದ ಮಾಡಿ ಅದನ್ನೇ ನೋಡುತ್ತಿದ್ದೆ. ಅವನಿಗೆ ಅದರ ಮೇಲೆ ಗಮನವೇ ಇಲ್ಲ. "ಮಮ್ಮಿ, ಫೋನ್ ಸ್ವಲ್ಪ ಕೆಳಗೆ ಹಿಡಿ, ಗೋದಲಿ ಕಾಣ್ತಿಲ್ಲ" ಅಂದ.

ಬಾಯಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, ಉಳಿದ ಹತ್ತಿ ಬಿಡಿಸತೊಡಗಿದರು.